ಕೈಗೆ ಕೊಡಬಾರದ ಚಾಕು

ನಮ್ಮ ಮನೆಯಲ್ಲಿ ಯಾರೂ ಯಾರ ಕೈಗೂ ಚಾಕು ಕೊಡುತ್ತಿರಲಿಲ್ಲ. ಬೇಕಾದವರು ಕೇಳಬೇಕು, ಕೈಯಲ್ಲಿದ್ದವರು ನೆಲದ ಮೇಲೆ ಇಡಬೇಕು, ಆಮೇಲೆ ಬೇಕಾದವರು ಬಗ್ಗಿ ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕೊಟ್ಟರೆ ಆ ಇಬ್ಬರ ನಡುವೆ ಜಗಳ ಬೀಳುತ್ತದೆ ಎಂದು ಆಯಿ, ಅಂದರೆ ನಮ್ಮಪ್ಪನ ತಾಯಿ, ಗಟ್ಟಿಯಾಗಿ ನಂಬಿದ್ದಳು. ಕತ್ತರಿಗೂ ಇದೇ ಕಾಯಿದೆ, ಅಪ್ಪನ ದಾಡಿಯ ಬ್ಲೇಡಿಗೂ ಇದೇ. ಇಷ್ಟೆಲ್ಲ ಎಚ್ಚರ ವಹಿಸಿದರೂ ಮನೆಯಲ್ಲಿ ಜಗಳಕ್ಕೇನೂ ಬರಗಾಲವಿರಲಿಲ್ಲ. ಹೈದರಾಬಾದಿನ ನಾರಾಯಣಗೂಡದ ಒಂದು ಗಲ್ಲಿಯಲ್ಲಿ ಹಳೆಯ ಮನೆಯ ಕೆಳಗಿನ ಬಾಡಿಗೆ ಪೋರ್ಶನ್ ನಮ್ಮದು, ಮೇಲೆ ಮನೆಯ ಒಡತಿ ಮಾಲಕಿನ್ ಅಮ್ಮ. ಎರಡು ಕೋಣೆ, ಒಂದು ಅಡಿಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು ಮತ್ತು ಒಂದು ಬೇವಿನ ಮರ ಇದ್ದ ಹಿತ್ತಲು. ಅಷ್ಟರಲ್ಲಿ ಅಪ್ಪ, ಅವ್ವ, ಆಯಿ, ಮಲ್ಲು ಕಾಕಾ ಮತ್ತು ನಾನು. ನಾನು ಮಲಗುವ ಜಾಗ ಆಯಿಗೂ ಜೋಳದ ಚೀಲಕ್ಕೂ ನಡುವೆ. ಪಕ್ಕದ ಕಟ್ಟಡದ ಕೋಚಿಂಗ್ ಸೆಂಟರಿನಲ್ಲಿ ಬೆಳಗಿನಿಂದ ಹುಡುಗರು ಒಂದೇ ಸಮನೆ ಏನನ್ನೋ ಒದರುತ್ತಿದ್ದರು, ಆ ಸದ್ದು ಗೋಡೆ ದಾಟಿ ನಮ್ಮ ಚಹಾದ ಬಟ್ಟಲಿನವರೆಗೂ ಬರುತ್ತಿತ್ತು. ನನಗೆ ಆ ಮನೆಯಲ್ಲಿ ಒಂದು ಕಡೆ ಕುಳಿತಿರಲು ಆಗುತ್ತಿರಲಿಲ್ಲ. ಊಟಕ್ಕೆ ಕುಳಿತರೂ ಎರಡು ಸಲ ಎದ್ದು ಹೊಸ್ತಿಲಿಗೆ ಹೋಗಿ ಬರುತ್ತಿದ್ದೆ. "ಕಾಲಿಗೆ ಚಕ್ರ ಕಟ್ಕೊಂಡ ಹುಟ್ಟೀಯೇನ ಲೇ?" ಎಂದು ಆಯಿ ಬೈಯುವುದು ದಿನದ ಮಾತಾಗಿತ್ತು.

ಅವ್ವ ಇದಕ್ಕೆ ತದ್ವಿರುದ್ಧ ಎಂದು ಎಲ್ಲರೂ ಹೇಳುತ್ತಿದ್ದರು. ಅವಳ ಜಾಗ ಅಡಿಗೆಮನೆಯ ಬಾಗಿಲ ಪಕ್ಕ, ಈಳಿಗೆಯ ಮೇಲೆ. ಒಂದು ಕಾಲು ಮಣೆಯ ಮೇಲೆ ಊರಿ, ಎದುರಿಗೆ ಎದ್ದು ನಿಂತ ಅಲಗಿಗೆ ಬದನೆಕಾಯಿ ಒತ್ತಿ, ತಲೆ ಎತ್ತದೆ ಹೆಚ್ಚುತ್ತಿದ್ದಳು. ಅಲಗು ಕದಲುತ್ತಿರಲಿಲ್ಲ, ಅವಳೂ ಕದಲುತ್ತಿರಲಿಲ್ಲ. ಗಲ್ಲಿಯ ತುದಿಯ ತರಕಾರಿ ಬಂಡಿ ಬಿಟ್ಟರೆ ಅವಳು ಒಬ್ಬಳೇ ಎಲ್ಲಿಗೂ ಹೋದವಳಲ್ಲ. ವರ್ಷಕ್ಕೊಮ್ಮೆ ವಿಜಾಪುರದ ಕಡೆಯ ಇಂಡಿ ಎಂಬ ಊರಿನ ತವರಿಗೆ ಹೋಗುವಾಗ ಅಪ್ಪ ಜೊತೆಗಿರಬೇಕು. ವಿಜಾಪುರದ ಗಾಡಿ ನಾಂಪಲ್ಲಿ ಸ್ಟೇಶನ್ ಬಿಟ್ಟು ವಿಕಾರಾಬಾದಿನ ಹತ್ತಿರ ಬರುತ್ತಿದ್ದಂತೆ ಮಾತ್ರ ಅವ್ವ ಕಿಟಕಿಯ ಸರಳಿಗೆ ಹಣೆ ಹಚ್ಚಿ ಕೂಡುತ್ತಿದ್ದಳು. ದೂರದಲ್ಲಿ ಹಸಿರು ಗುಡ್ಡಗಳ ಸಾಲು ಕಾಣುತ್ತಿತ್ತು.

"ರೀ, ಅಲ್ಲಿ ಮ್ಯಾಲ ಏನೈತಿ?" ಎಂದು ಪ್ರತಿ ಸಲವೂ ಕೇಳುತ್ತಿದ್ದಳು.

"ಗುಡ್ಡ ಐತಿ. ಗುಡ್ಡದ ಮ್ಯಾಲ ಮತ್ತೇನಿರತೈತಿ?" ಎಂದು ಅಪ್ಪ ಪ್ರತಿ ಸಲವೂ ಪೇಪರಿನಿಂದ ತಲೆ ಎತ್ತದೆ ಹೇಳುತ್ತಿದ್ದ.

ಮಲ್ಲು ಕಾಕಾ ಅಪ್ಪನ ತಮ್ಮ. ಆ ವರ್ಷಗಳಲ್ಲಿ ಹೈದರಾಬಾದಿನಲ್ಲಿ ಹಾಲು ಹಾಕುವವನಿಂದ ಹಿಡಿದು ಎಲ್ಲರ ಬಾಯಲ್ಲೂ ಕಂಪ್ಯೂಟರ್ ಮಾತು. ಕಾಕಾ ಮಾದಾಪುರದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದ. ಗಲ್ಲಿಯ ಬಾಯಿಗೆ ಬಿಳಿ ಸುಮೋ ಬಂದು ಹಾರ್ನ್ ಹೊಡೆದರೆ, ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು, ಸುರುಳಿ ಮಾಡಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಓಡುತ್ತಿದ್ದ. ಅವನ ಆಫೀಸಿನ ಸುತ್ತ, ಕೊಂಡಾಪುರದವರೆಗೂ, ಆಗ ಬರೀ ಬಂಡೆಗಳು. ಒಂದರ ತಲೆಯ ಮೇಲೆ ಒಂದು ಕುಳಿತ ಆ ದೊಡ್ಡ ಬಂಡೆಗಳನ್ನು ಕಟ್ಟಡಗಳಿಗಾಗಿ ಸಿಡಿಮದ್ದು ಇಟ್ಟು ಒಡೆಯುತ್ತಿದ್ದರು. ಪೂರಾ ಮಾಯವಾಗುವ ಮೊದಲು ಹತ್ತಿಯಾದರೂ ಹತ್ತೋಣ ಎಂದು ಕಾಕಾನ ಆಫೀಸಿನ ಕೆಲ ಹುಡುಗರು ರವಿವಾರ ರವಿವಾರ ಹೊರಡುತ್ತಿದ್ದರು. ಕಾಕಾನೂ ಸೇರಿಕೊಂಡ. ಸಂಜೆ ಮೊಣಕಾಲು ತರಚಿಕೊಂಡು ಮನೆಗೆ ಬಂದಾಗ ಅವನ ಮುಖದಲ್ಲಿದ್ದ ಖುಷಿ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆ ವರ್ಷ ದಸರೆಯ ರಜೆಯಲ್ಲಿ ಅವರೆಲ್ಲ ಅನಂತಗಿರಿಯ ಕಾಡಿಗೆ ಹೋಗಿ, ಡೇರೆ ಹಾಕಿ, ತಾವೇ ಬೆಂಕಿ ಮಾಡಿ ಅಡಿಗೆ ಮಾಡಿಕೊಂಡು ಇರುವುದೆಂದು ನಿಶ್ಚಯವಾಯಿತು. ಒಬ್ಬೊಬ್ಬರು ಒಂದೊಂದು ಸಾಮಾನು ತರಬೇಕು. ಡೇರೆ ಒಬ್ಬನದು, ಹಗ್ಗ ಒಬ್ಬನದು. ಕಾಕಾನ ಪಾಲಿಗೆ ಬಂದದ್ದು ಚಾಕು. ನನಗಾಗ ಹನ್ನೆರಡು ವರ್ಷ, ನಮ್ಮವರ ಮನೆಗಳನ್ನು ಬಿಟ್ಟು ಬೇರೆ ಎಲ್ಲೂ ಒಂದು ರಾತ್ರಿ ಕಳೆದವಳಲ್ಲ. ಡೇರೆ ಎಂಬ ಶಬ್ದ ಕೇಳಿದಾಗಿನಿಂದ ನನಗೆ ಅನ್ನ ಸೇರಲಿಲ್ಲ.

"ಕಾಕಾ, ನಾನೂ ಬರ್ತೀನಿ."

"ನಿನ್ನ ಕರಕೊಂಡು ಹೋಗಿ ಅಲ್ಲಿ ಏನ ಮಾಡ್ಲಿ?"

"ಚಾಕು ನಾ ಆರಿಸಿ ಕೊಡ್ತೀನಿ."

ಕಾಕಾ ನಕ್ಕ, ಆದರೆ ಬೇಡ ಅನ್ನಲಿಲ್ಲ. ಅಂಗಿ ಕೊಳ್ಳಲು ಹೋದರೂ ಎರಡು ಅಂಗಿ ಹಿಡಿದು ಕನ್ನಡಿಯ ಮುಂದೆ ಅರ್ಧ ದಿನ ನಿಲ್ಲುವ ಗಿರಾಕಿ ಅವನು. ಆರಿಸುವ ಕೆಲಸ ಯಾರ ತಲೆಗಾದರೂ ಕಟ್ಟಿದರೆ ಸಾಕಾಗಿತ್ತು.

"ಆತು ಉಮಾ. ಇಡೀ ಟೀಮ್ ಶಭಾಸ್ ಅನ್ನೂವಂಥ ಚಾಕು ಆರಿಸ್ದಿ ಅಂದ್ರ ಸುಮೋದಾಗ ನಿನಗೊಂದು ಸೀಟು ಪಕ್ಕಾ."

ಅಪ್ಪನನ್ನು ಕೇಳಿದೆ. "ಆಯಿ ಹೂಂ ಅಂದ್ರ ಹೋಗು" ಎಂದ. ಆಯಿ ಈ ಜನ್ಮದಲ್ಲಿ ಹೂಂ ಅನ್ನುವುದಿಲ್ಲ ಎಂಬ ಧೈರ್ಯ ಅವನಿಗೆ. ನಾನು ಮಾತ್ರ ಅರ್ಧ ಕೆಲಸ ಆಯಿತೆಂದೇ ತಿಳಿದೆ.

ಕಾಕಾ ಆಫೀಸಿನಲ್ಲಿ ಚಾಕುಗಳ ಬಗ್ಗೆ ಏನೇನೋ ಓದಿಕೊಂಡು ಬಂದು ಊಟದ ಹೊತ್ತಿಗೆ ನಮಗೆ ಪಾಠ ಮಾಡತೊಡಗಿದ. ಅಡವಿಗೆ ಮಡಚುವ ಚಾಕು ನಡೆಯುವುದಿಲ್ಲ, ಕಟ್ಟಿಗೆ ಸೀಳುವಾಗ ಅದು ಬೆರಳ ಮೇಲೇ ಮಡಚಿಕೊಳ್ಳುತ್ತದೆ. ಅಲಗು ಹಿಡಿಯೊಳಗೆ ಗಟ್ಟಿಯಾಗಿ ಕೂತಿರಬೇಕು, ಅಲುಗಾಡಬಾರದು.

"ಅಲಗು ಮಡಚಬಾರದು, ಅಲುಗಾಡಬಾರದು, ಅಷ್ಟ ಹೌದಿಲ್ಲೊ?" ಎಂದಳು ಆಯಿ. "ಮತ್ತ ನಮ್ಮ ಈಳಿಗಿನ ಒಯ್ಯಿ. ನಮ್ಮತ್ತಿ ಕಾಲದಿಂದ ಕುಂತಲ್ಲೆ ಕುಂತೈತಿ."

"ಅದನ್ನ ಒಯ್ದ್ರ ಅದರ ಮ್ಯಾಲ ಕುಂತಾಕಿನ್ನೂ ಒಯ್ಯಬೇಕಾಗತೈತ್ರಿ" ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಅಂದಳು. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ ಎಂಬುದು ನನಗೆ ಈಗ ನೆನಪಾಗುತ್ತದೆ, ಆಗ ಗಮನಿಸಿರಲಿಲ್ಲ.

ಮೊದಲನೆಯ ಚಾಕುವನ್ನು ಕಾಕಾ ಬೇಗಂಬಜಾರಿನಿಂದ ತಂದ. ನೋಡಿ ನಾನು ಮರುಳಾದೆ. ಬೆನ್ನಿಗೆ ಗರಗಸದ ಹಲ್ಲು, ಥಳಥಳ ಹೊಳೆಯುವ ಅಲಗು, ಪೊಳ್ಳಾದ ಹಿಡಿ. ಹಿಡಿಯ ಮುಚ್ಚಳ ತಿರುವಿದರೆ ಒಳಗೆ ಬೆಂಕಿಕಡ್ಡಿ, ಗಾಳ, ಸೂಜಿದಾರ. ಮುಚ್ಚಳದ ಮೇಲೆ ಒಂದು ಪುಟ್ಟ ದಿಕ್ಸೂಚಿ ಬೇರೆ. ಇಷ್ಟೆಲ್ಲ ಇರುವ ಚಾಕುವನ್ನು ಬಿಟ್ಟು ಇನ್ನೊಂದನ್ನು ಹುಡುಕುವವರು ಹುಚ್ಚರು ಅನಿಸಿತು. ಹಿತ್ತಲಲ್ಲಿ ಪರೀಕ್ಷೆ ಇಟ್ಟುಕೊಂಡೆವು. ಒಣ ಬೇವಿನ ಕೊಂಬೆಯ ತಲೆಗೆ ಅಲಗಿಟ್ಟು, ಅಲಗಿನ ಬೆನ್ನ ಮೇಲೆ ಇನ್ನೊಂದು ಬಡಿಗೆಯಿಂದ ಹೊಡೆದು ಸೀಳಬೇಕು, ಅಡವಿಯಲ್ಲಿ ಒಲೆಗೆ ಕಟ್ಟಿಗೆ ಮಾಡುವುದೇ ಹಾಗಂತೆ. ಕಾಕಾ ಎರಡು ಏಟು ಹಾಕಿದ. ಮೂರನೆಯದಕ್ಕೆ ಹಿಡಿ ಅವನ ಕೈಯಲ್ಲೇ ಉಳಿಯಿತು, ಅಲಗು ಹಾರಿ ಹೋಗಿ ತಂತಿಯ ಮೇಲೆ ಒಣಹಾಕಿದ್ದ ಮಾಲಕಿನ್ ಅಮ್ಮನ ಸೀರೆಯನ್ನು ಹರಿದುಕೊಂಡು ಕೆಳಗೆ ಬಿತ್ತು. ಮೇಲಿನಿಂದ ಅವರು "ಏಂ ಚೇಸ್ತುನ್ನಾರಂಡಿ ಅಕ್ಕಡ?" ಎಂದು, ಅಲ್ಲೇನು ನಡೆದಿದೆ ಎಂದು ತೆಲುಗಿನಲ್ಲಿ ಕೂಗಿದರು. ಅಪ್ಪ ಒಳಗಿನಿಂದ ಬಂದು ಸೀರೆ ನೋಡಿದ, ಅಲಗು ನೋಡಿದ, ತಮ್ಮನನ್ನು ನೋಡಿದ.

"ಇದು ಮನಿಯೋ ಖಟೀಕನ ಅಂಗಡಿಯೋ? ಇಂಜಿನಿಯರ್ ಅಂತ ಇಂಜಿನಿಯರ್. ಮೊದಲ ಒಂದು ಹುಡುಗಿ ನೋಡಿ ಮದುವಿ ಆಗಂದ್ರ ಚಾಕು ನೋಡಾಕತ್ತಾನ!"

ಕಾಕಾನೂ ಸುಮ್ಮನಿರಲಿಲ್ಲ. ಹೀಗಾದರೆ ಕೊಂಡಾಪುರದಲ್ಲಿ ರೂಮು ಮಾಡಿಕೊಂಡು ಹೋಗುತ್ತೇನೆ ಎಂದ. ಇದು ಅವನು ಜಗಳಕ್ಕೊಮ್ಮೆ ಹಾಕುತ್ತಿದ್ದ ಬೆದರಿಕೆ. ಆಯಿ ಅಳಲು ಶುರು ಮಾಡಿದಳು, ಅವ್ವ ಹರಿದ ಸೀರೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಕೊನೆಗೆ ನನಗೆ ಉಳಿದದ್ದು ದಿಕ್ಸೂಚಿ ಮಾತ್ರ. ಅದನ್ನು ಎತ್ತ ತಿರುಗಿಸಿದರೂ ನಮ್ಮ ಅಡಿಗೆಮನೆಯನ್ನೇ ತೋರಿಸುತ್ತಿತ್ತು. ನನಗೆ ಅದರ ಮೇಲೂ ಸಿಟ್ಟು ಬಂತು. ಆದರೆ ಒಂದು ಸಂಗತಿ ತಲೆಗೆ ಹೋಯಿತು. ಅಲಗಿನ ಲೋಹ ಹಿಡಿಯ ಒಳಗೆ ಕೊನೆಯವರೆಗೂ ಹೋಗಿರಬೇಕು, ಒಂದೇ ತುಂಡಾಗಿರಬೇಕು. ಹಿಡಿಯೊಳಗೆ ಗಾಳ, ಸೂಜಿ ತುಂಬಿದ್ದಾರೆಂದರೆ ಇರಬೇಕಾದ ಉಕ್ಕು ಅಲ್ಲಿಲ್ಲ.

ಎರಡನೆಯದು ಆಬಿಡ್ಸಿನ ಒಂದು ಅಂಗಡಿಯದು. ಹಿಡಿಯ ತುದಿಯವರೆಗೂ ಒಂದೇ ಉಕ್ಕು, ಅದೂ ಸ್ಟೇನ್‌ಲೆಸ್. ರಬ್ಬರಿನ ಕರಿ ಹಿಡಿ. ಉದ್ದ ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ. ಕಾಕಾ ಅದನ್ನು ಬೆಲ್ಟಿಗೆ ಕಟ್ಟಿಕೊಂಡು ಕಪಾಟಿನ ಕನ್ನಡಿಯ ಮುಂದೆ ನಿಂತ, ಬಲಕ್ಕೆ ತಿರುಗಿದ, ಎಡಕ್ಕೆ ತಿರುಗಿದ. ಅವನ ಮನಸ್ಸು ಅಲ್ಲೇ ಹೋಗಿತ್ತು. ನಾನು ಅದರಲ್ಲಿ ಪೆನ್ಸಿಲ್ ಮೊನೆ ಮಾಡಲು ನೋಡಿದೆ. ನನ್ನ ಕೈ ಒಂದು ಕಡೆ, ಅದರ ತುದಿ ಇನ್ನೊಂದು ಕಡೆ. ಬಟಾಟೆಯ ಸಿಪ್ಪೆ ತೆಗೆದರೆ ಅರ್ಧ ಬಟಾಟೆಯೇ ಸಿಪ್ಪೆಯ ಜೊತೆ ಹೋಯಿತು. ಸ್ವಲ್ಪ ಹೊತ್ತು ಹಿಡಿದರೆ ಮಣಿಕಟ್ಟು ಸೋಲುತ್ತಿತ್ತು.

"ಇದು ಬ್ಯಾಡ ಕಾಕಾ. ಇದನ್ನ ಕಟ್ಕೊಂಡ್ರ ಚಾಕು ನಿನ್ನ ಕರಕೊಂಡು ಹೋದಂಗ ಕಾಣತೈತಿ."

"ಅಡವಿ ಅಂದ್ರ ಏನಂತ ತಿಳದೀ? ದೊಡ್ಡದ ಬೇಕು."

"ಅಡವ್ಯಾಗ ನೀ ಯಾರ ಜೋಡಿ ಯುದ್ಧಾ ಮಾಡಾಂವ? ಬಟಾಟಿ ಜೋಡಿ?"

ಎರಡು ದಿನ ನಮ್ಮಿಬ್ಬರಿಗೆ ಮಾತಿಲ್ಲ. ಅಷ್ಟರಲ್ಲಿ ನವರಾತ್ರಿ ಬಂತು. ಆಯಿ ದೇವರ ಮುಂದೆ ಘಟ ಹಾಕಿ ಮಣ್ಣಿನಲ್ಲಿ ಕಾಳು ಬಿತ್ತಿದಳು. ಸಸಿ ದಿನದಿನಕ್ಕೆ ಎತ್ತರವಾಗುತ್ತಿತ್ತು, ನನ್ನ ತಳಮಳವೂ ಅದರೊಂದಿಗೇ ಬೆಳೆಯುತ್ತಿತ್ತು. ಶಾಲೆಯಿಂದ ಬಂದವಳೇ ಚೀಲ ಎಸೆದು ಸಸಿ ನೋಡುವುದು, ಬಾಗಿಲಿಗೆ ಓಡಿ ಸುಮೋ ಬಂತೇ ನೋಡುವುದು, ಮತ್ತೆ ಒಳಗೆ ಬಂದು ಸಸಿ ನೋಡುವುದು.

ಮೂರನೆಯ ಚಾಕು ಪರದೇಶಕ್ಕೆ ಕೆಲಸದ ಮೇಲೆ ಹೋಗಿದ್ದ ಆಫೀಸಿನ ಗೆಳೆಯನೊಬ್ಬನ ಕೈಯಲ್ಲಿ ಬಂತು. ಚರ್ಮದ ಒರೆಯಿಂದ ಎಳೆದಾಗ ಕಾಕಾನ ಮುಖ ಇಳಿದುಹೋಯಿತು. ಅಲಗು ಅವನ ಅಂಗೈಯಷ್ಟೇ ಉದ್ದ. ಹೊಳಪಿಲ್ಲ, ಗರಗಸವಿಲ್ಲ, ಏನೂ ಇಲ್ಲ. ಕಂದು ಬಣ್ಣದ ಕಟ್ಟಿಗೆಯ ಹಿಡಿ. "ಇದು ಪೇರಲಹಣ್ಣು ಹೆಚ್ಚೂ ಚಾಕು" ಎಂದು ಅದನ್ನು ಕಿಟಕಿಯಲ್ಲಿಟ್ಟು ಹೋದ. ನಾನು ಬಿಡಲಿಲ್ಲ. ಬೇವಿನ ಕೊಂಬೆ ಸೀಳಿದೆ, ಹಿಡಿ ಅಲುಗಲಿಲ್ಲ. ಹಗ್ಗ ಒಂದೇ ಎಳೆತಕ್ಕೆ ತುಂಡಾಯಿತು. ಪೆನ್ಸಿಲ್ ಮೊನೆ ಚೆನ್ನಾಗಿ ಬಂತು. ಅಲಗಿನ ಬೆನ್ನಿನ ಅಂಚು ನೇರವಾಗಿ, ಚೂಪಾಗಿತ್ತು, ಕಾಕಾ ತಂದಿದ್ದ ಕಿಡಿ ಹಾರಿಸುವ ಕಡ್ಡಿಗೆ ಉಜ್ಜಿದರೆ ಚಟ್ ಎಂದು ಕಿಡಿ ಬೀಳುತ್ತಿತ್ತು. ಒಂದೇ ತಕರಾರು ಎಂದರೆ ಅದು ಸ್ಟೇನ್‌ಲೆಸ್ ಅಲ್ಲ. ಬದನೆಕಾಯಿ ಹೆಚ್ಚಿ ತೊಳೆಯದೆ ಇಟ್ಟಿದ್ದಕ್ಕೆ ಸಂಜೆಗೆ ಕಪ್ಪಾಗಿ, ಅಂಚಿನಲ್ಲಿ ತುಕ್ಕು ಕೂತಿತ್ತು. ಇಂಥ ಉಕ್ಕು ಸಾಣೆಗೆ ಬೇಗ ಬಗ್ಗುತ್ತದೆ, ಆದರೆ ಒರೆಸಿ ಎಣ್ಣೆ ಹಚ್ಚಿ ಸಾಕಬೇಕು. ಸ್ಟೇನ್‌ಲೆಸ್ ಆದರೆ ಮರೆತು ಬಿಟ್ಟರೂ ನಡೆಯುತ್ತದೆ ಎಂದು ಕಾಕಾ ವಾದಿಸಿದ. ಯಾವುದನ್ನು ಒಯ್ಯುವುದು ಎಂದು ತೀರ್ಮಾನ ಮಾಡಲಾಗದೆ ಅವನೂ ಒದ್ದಾಡುತ್ತಿದ್ದ, ನಾನೂ ಒದ್ದಾಡುತ್ತಿದ್ದೆ.

ಒಂದು ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತು. ಮನೆಗೆ ಬಂದರೆ ಒಲೆಯ ಮೇಲೆ ಬೇಳೆ ಉಕ್ಕಿ ಸೀದ ವಾಸನೆ. ಆಯಿ ಮಲಗಿದ್ದಳು. ಹಿತ್ತಲಿಗೆ ಹೋದೆ. ಅವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಆ ಸಣ್ಣ ಚಾಕುವಿನಿಂದ ಬೇವಿನ ಕೋಲೊಂದನ್ನು ಹೆರೆಯುತ್ತಿದ್ದಳು. ಏನು ಮಾಡಲೂ ಅಲ್ಲ, ಸುಮ್ಮನೆ. ತೆಳ್ಳಗಿನ ಸುರುಳಿಗಳು ಅವಳ ಮಡಿಲಲ್ಲಿ ಬೀಳುತ್ತಿದ್ದವು. ಅವಳ ಕೈ ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು, ಕಾಲು ಹಗುರಾಗಿ ಅಲ್ಲಾಡುತ್ತಿತ್ತು. ಈಳಿಗೆಯ ಮುಂದೆ ಕೂತ ಅವ್ವನನ್ನು ಮಾತ್ರ ನೋಡಿದ್ದ ನನಗೆ ಇವಳು ಬೇರೆ ಯಾರೋ ಅನಿಸಿತು. ನನ್ನನ್ನು ಕಂಡವಳೇ ಚಾಕುವನ್ನು ನೆಲದ ಮೇಲೆ ಇಟ್ಟುಬಿಟ್ಟಳು.

"ಹರಿತ ಐತೋ ಇಲ್ಲೋ ನೋಡಾಕತ್ತಿದ್ದೆ" ಎಂದು, ಸೆರಗು ಕೊಡವಿ ಬೇಳೆಯ ಕಡೆ ಓಡಿದಳು.

ನಾನು ಬಗ್ಗಿ ಎತ್ತಿಕೊಂಡೆ. ಕಾಕಾನ ದೊಡ್ಡ ಕೈಗೆ ಅದು ಸಣ್ಣದಿರಬಹುದು, ನನ್ನ ಬೆರಳುಗಳು ಹಿಡಿಯ ಸುತ್ತ ಸರಿಯಾಗಿ ಬಂದು ಕೂತವು, ಅವ್ವನ ಬೆರಳುಗಳು ಕೂತಿದ್ದ ಹಾಗೆಯೇ. ಸಂಜೆ ಕಾಕಾ ಬಂದ ಕೂಡಲೇ ಇದೇ ಚಾಕು, ಇನ್ನು ಮಾತಿಲ್ಲ ಎಂದೆ. ಅವನಿಗೂ ಸಾಕಾಗಿತ್ತು, ಒಪ್ಪಿಕೊಂಡ.

ಇನ್ನು ಆಯಿ. ನಾನು ಅವಳ ಕಾಲೊತ್ತಿದೆ, ತಲೆಗೆ ಎಣ್ಣೆ ಹಚ್ಚಿದೆ, ಸಂಜೆಗೊಮ್ಮೆ ಬಿಡದೆ ಕೇಳಿದೆ. ಕಡೆಗೆ ಒಂದು ದಿನ ಅವಳೇ ಚಾಕು ತರಿಸಿ ತೊಡೆಯ ಮೇಲಿಟ್ಟುಕೊಂಡು ನೋಡಿದಳು.

"ಹೆಣ್ಣುಮಗು ಅಡವ್ಯಾಗ ಬರೇ ಕೈಲೆ ಇರಬಾರದು. ಬಾಣಂತಿ ದಿಂಬಿನ ಕೆಳಗ ಕಬ್ಬಿಣ ಯಾಕ ಇಡ್ತೀವಿ, ಹೇಳು? ಇದನ್ನ ಖಂಡೇ ಪೂಜಿಗೆ ಇಡು. ಪೂಜಿ ಆದ ಕಬ್ಬಿಣ ಜೋಡಿ ಇತ್ತಂದ್ರ ಹೋಗು, ನಾ ಬ್ಯಾಡ ಅನ್ನಂಗಿಲ್ಲ."

ನಾನು ಮನೆಯೆಲ್ಲ ಕುಣಿದೆ. ಅಪ್ಪ ಬಾಯಿ ಬಿಟ್ಟುಕೊಂಡು ನೋಡಿದ. ಯಾವ ದಿನ ಹೊರಡುವುದು ಎಂದು ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ. ದಸರೆ ರಜೆಗೆ ಎಂದಿದ್ದ ಕಾಕಾ. ಆಯಿಯ ಪಾಲಿಗೆ ದಸರೆ ಎಂದರೆ ದಶಮಿಯ ಬನ್ನಿ ಮುಗಿದ ಮೇಲೆ ಬರುವ ಬಿಡುವು. ಕಾಕಾನ ಪಾಲಿಗೆ ದಸರೆ ಎಂದರೆ ಕಂಪನಿ ಬಾಗಿಲು ಹಾಕುವ ದಿನ, ಅಂದರೆ ನವಮಿ.

ಆಯುಧಪೂಜೆಯ ದಿನವಾದ ಖಂಡೇನವಮಿಯ ಬೆಳಿಗ್ಗೆ ನಾನೇ ಚಾಕು ತೊಳೆದು, ಒರೆಸಿ, ಎಣ್ಣೆ ಹಚ್ಚಿ, ವಿಭೂತಿ ಕುಂಕುಮ ಇಟ್ಟು ದೇವರ ಮುಂದೆ ಇಟ್ಟೆ. ಅದರ ಪಕ್ಕದಲ್ಲಿ ಈಳಿಗೆ, ಕತ್ತರಿ, ಅಪ್ಪನ ಬ್ಲೇಡು, ನನ್ನ ಪುಸ್ತಕಗಳು, ಕಾಕಾನ ಗುರುತಿನ ಚೀಟಿ ಮತ್ತು ಅವನ ಹೊಸ ಮೊಬೈಲು. ಚೆಂಡುಹೂವಿನ ರಾಶಿ. ಆರತಿಯ ನಡುವೆ ಮೊಬೈಲು ಹೂವಿನೊಳಗಿಂದ ಒದರತೊಡಗಿತು, ಕಾಕಾ ಥಟ್ಟನೆ ಎತ್ತಿಕೊಂಡು ಹೊರಗೆ ಹೋದ. ಆ ದಿನ ಮನೆಯಲ್ಲಿ ಯಾವುದನ್ನೂ ಹೆಚ್ಚುವಂತಿಲ್ಲ, ಆಯುಧಗಳೆಲ್ಲ ಪೂಜೆಗೆ ಕೂತಿರುತ್ತವೆ. ಅವ್ವ ಹೋಳಿಗೆ ಮಾಡಿ, ಮೆಂತ್ಯದ ಸೊಪ್ಪನ್ನು ಕೈಯಿಂದಲೇ ಚಿವುಟಿ ಪಲ್ಯ ಮಾಡಿದ್ದಳು. ಎಲೆಗೆ ಬಡಿಸುವ ಹೊತ್ತಿಗೆ ಗಲ್ಲಿಯಲ್ಲಿ ಸುಮೋದ ಹಾರ್ನು ಕೇಳಿತು. ಕಾಕಾ ಚೀಲ ಬೆನ್ನಿಗೇರಿಸಿ ಬಂದ.

"ನಡಿ ಉಮಾ. ಚಾಕು ತಗೊ."

ನಾನು ಕೈ ಚಾಚಿದೆ.

"ಹಾಂ! ಮುಟ್ಟಬ್ಯಾಡ!" ಎಂದು ಆಯಿ ಕಿರುಚಿದಳು. "ಪೂಜಿಗೆ ಕುಂತದ್ದನ್ನ ಇವತ್ತ ಎತ್ತತಾರೇನ? ನಾಳಿ ಮುಂಜಾನಿ ತನಕ ಕದಲಸಬಾರದು. ಇವತ್ತ ಹೊಂಟೀರಂತ ಯಾರ ಹೇಳ್ಯಾರ ನನಗ?"

"ಈಗ ಫೋನು ಎತ್ತಿದ್ನಲ್ಲ ಆಯಿ, ಅದಕ್ಕ ಸುಮ್ಮನಿದ್ದಿ?" ಎಂದ ಕಾಕಾ.

"ಫೋನು ಒದರಾಕತ್ತಿತ್ತು. ಚಾಕು ಒದರತೈತೇನ?"

ಕಾಕಾ ನನ್ನ ಕಡೆ ತಿರುಗಿದ. "ಹೋಗ್ಲಿ, ಚಾಕು ಇಲ್ದ ನಡಿ" ಎಂದ. ಕಬ್ಬಿಣವಿಲ್ಲದೆ ಹುಡುಗಿ ಹೊಸ್ತಿಲು ದಾಟಕೂಡದು ಎಂದಳು ಆಯಿ. ನಾನು ಅಪ್ಪನನ್ನು ನೋಡಿದೆ. "ಆಯಿ ಹೂಂ ಅಂದ್ರ ಅಂದಿದ್ದೆ, ಅಷ್ಟ" ಎಂದ ಅಪ್ಪ. ಸುಮೋ ಮತ್ತೆ ಹಾರ್ನ್ ಹೊಡೆಯಿತು, ಈ ಸಲ ಉದ್ದಕ್ಕೆ. ಕಾಕಾ ನನ್ನ ತಲೆ ಮುಟ್ಟಿ, "ನಾಳಿನೂ ಅಲ್ಲೇ ಇರ್ತೀವಿ. ಯಾರರ ಕರಕೊಂಡ ಬಂದ್ರ ಬಾ, ಅಲ್ಲೊಂದು ಗುಡಿ ಐತಿ, ಅದರ ಹಿಂದಿನ ದಾರಿ ಹತ್ತಿದ್ರ ಕಾಣ್ತೀವಿ" ಎಂದು ಹೋಗಿಯೇಬಿಟ್ಟ. ಯಾರು ಕರೆದುಕೊಂಡು ಹೋಗುತ್ತಾರೆ? ಮರುದಿನ ಅಪ್ಪನಿಗೆ ಬನ್ನಿ ಕೊಡಲು ಇಡೀ ಊರು ತಿರುಗುವುದಿತ್ತು. ನಾನು ಹೋಳಿಗೆ ಮುಟ್ಟಲಿಲ್ಲ. ಆಯಿಯ ಮೇಲೆ ಸಿಟ್ಟು, ಕಾಕಾನ ಮೇಲೆ ಸಿಟ್ಟು, ಎಲ್ಲರಿಗಿಂತ ಹೆಚ್ಚಾಗಿ ನನ್ನ ಮೇಲೆ. ನನ್ನ ಕೈಯಾರೆ ನಾನೇ ಕುಂಕುಮ ಹಚ್ಚಿ ಅದನ್ನು ಅಲ್ಲಿ ಕೂಡಿಸಿದ್ದೆ. ಹೊರಕೋಣೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಹೊರಕೋಣೆಗೆ ಸಂಜೆಯವರೆಗೂ ತಿರುಗಿದೆ. ಅತ್ತರೆ ಸಮಾಧಾನವಾಗುತ್ತಿತ್ತೇನೋ, ಅಳುವೂ ಬರಲಿಲ್ಲ. ತಿರುಗುವಾಗ ನೋಡಿದೆ, ಅವ್ವ ಅಡಿಗೆಮನೆಯ ಬಾಗಿಲಲ್ಲಿ ಖಾಲಿ ಕೈಯಲ್ಲಿ ಕೂತಿದ್ದಳು. ಈಳಿಗೆ ಇದ್ದ ಜಾಗದಲ್ಲಿ ನೆಲದ ಮೇಲೆ ಒಂದು ಬೆಳ್ಳನೆಯ ಗುರುತು ಬಿಟ್ಟರೆ ಏನೂ ಇರಲಿಲ್ಲ.

"ಉಮಾ, ಅನಂತಗಿರಿ ಅಂದ್ರ ವಿಕಾರಾಬಾದಕ್ಕ ಇಳದು ಹೋಗೂದಲ್ಲ?" ಎಂದು ಕೇಳಿದಳು.

ಹೌದು ಎಂದೆ.

ದಶಮಿಯ ಬೆಳಿಗ್ಗೆ ಆಯಿ ಪೂಜೆ ಎತ್ತುವಷ್ಟರಲ್ಲಿ ಅವ್ವ ರೊಟ್ಟಿ ಮಾಡಿ, ಶೇಂಗಾ ಚಟ್ನಿ ಕಟ್ಟಿ, ತವರಿಗೆ ಹೋಗುವಾಗ ಉಡುವ ಹಸಿರು ಸೀರೆ ಉಟ್ಟು ನಿಂತಿದ್ದಳು.

"ರೀ, ಉಮಾನ್ನ ನಾ ಬಿಟ್ಟು ಬರ್ತೀನಿ. ಸಂಜಿಗೆ ಗಾಡಿ ಸಿಗಲಿಲ್ಲಂದ್ರ ನಾಳಿ ಅವರ ಜೋಡಿನ ಬರ್ತೀವಿ."

ಅಪ್ಪ ಮೊದಲು ನಕ್ಕ. ಅವ್ವ ಚೀಲ ಎತ್ತಿಕೊಂಡಾಗ ನಗು ನಿಂತಿತು.

"ನಿನಗೇನ ಹುಚ್ಚ ಹಿಡದೈತಿ? ನಾಂಪಲ್ಲಿ ಸ್ಟೇಶನ್ನಿಗೆ ಒಬ್ಬಾಕಿ ಎಂದಾದ್ರೂ ಹೋಗೀಯೇನ? ಬನ್ನಿ ಕೊಡಾಕ ಮಂದಿ ಬರ್ತಾರ, ಮನಿ ಸೊಸಿ ಮನಿಯಾಗಿಲ್ಲಂದ್ರ ನಾ ಏನಂತ ಹೇಳ್ಲಿ?"

"ಗುಡ್ಡಕ್ಕ ಹೋಗ್ಯಾಳ ಅಂತ ಹೇಳ್ರಿ."

ಅವ್ವ ಅಪ್ಪನಿಗೆ ಹಾಗೆ ಎದುರು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಪ್ಪ ಕೂಗಾಡಿದ. ಅವ್ವ ಚಪ್ಪಲಿ ಹಾಕಿಕೊಂಡಳು. ಅಪ್ಪ ಕೊನೆಗೆ ಆಯಿಯ ಕಡೆ ತಿರುಗಿದ, ಈಗಲಾದರೂ ನೀನು ಹೇಳು ಎಂಬಂತೆ. ಆಯಿ ದೇವರ ಮುಂದಿನಿಂದ ಚಾಕು ಎತ್ತಿದಳು, ಒರೆಗೆ ಸೇರಿಸಿದಳು, ತಂದು ಅವ್ವನ ಕಾಲ ಮುಂದೆ ನೆಲದ ಮೇಲೆ ಇಟ್ಟಳು.

"ಪೂಜಿ ಆದ ಕಬ್ಬಿಣ ಜೋಡಿ ಇದ್ರ ಹೋಗ್ಲಿ ಅಂದಿದ್ದೆ. ಆಡಿದ ಮಾತು ನುಂಗಾಕ ಬರಂಗಿಲ್ಲ ನನಗ. ಗಂಗವ್ವ, ಎತ್ಕೊ."

ಅವ್ವ ಬಗ್ಗಿ ಎತ್ತಿಕೊಂಡಳು. ಟವೆಲಿನಲ್ಲಿ ಸುತ್ತಿ ರೊಟ್ಟಿಯ ಕೆಳಗೆ ಇಟ್ಟಳು, ಒಂದು ಹಿಡಿ ಬನ್ನಿ ಎಲೆಯನ್ನೂ ಹಾಕಿಕೊಂಡಳು.

ಗಾಡಿಯಲ್ಲಿ ಕಿಟಕಿಯ ಜಾಗ ಸಿಕ್ಕಿತು. ಅವ್ವ ಚೀಲವನ್ನು ಮಗುವನ್ನು ಅವಚಿಕೊಂಡ ಹಾಗೆ ಅವಚಿಕೊಂಡು ಕೂತಿದ್ದಳು. ಯಾರಾದರೂ ದಿಟ್ಟಿಸಿ ನೋಡಿದರೆ ಸೆರಗು ಎಳೆದುಕೊಳ್ಳುವಳು. ಗುಡ್ಡದ ಸಾಲು ಕಂಡಾಗ ಹಣೆ ಸರಳಿಗೆ ಹಚ್ಚಿದಳು. ವಿಕಾರಾಬಾದಿನಲ್ಲಿ ಗಾಡಿ ನಿಂತಿತು. ಜನ ಇಳಿದರು, ಜನ ಹತ್ತಿದರು, ಅವ್ವ ಏಳಲಿಲ್ಲ.

"ಅವ್ವಾ, ಏಳು! ಬಂತು!"

"ಇದು ನಮ್ಮ ಸ್ಟೇಶನ್ ಅಲ್ಲಲ್ಲ" ಎಂದಳು, ನಿದ್ದೆಗಣ್ಣಿನಲ್ಲಿ ಮಾತಾಡಿದಂತೆ. ಅವಳ ಕೈ ಸರಳನ್ನು ಬಿಗಿಯಾಗಿ ಹಿಡಿದಿತ್ತು. ಆ ದಾರಿಯಲ್ಲಿ ಅಷ್ಟು ವರ್ಷ ಓಡಾಡಿದವಳು ನಾಂಪಲ್ಲಿ ಮತ್ತು ಇಂಡಿ ಬಿಟ್ಟರೆ ಎಲ್ಲೂ ಕಾಲೂರಿರಲಿಲ್ಲ. ನಾನು ಅವಳ ತೋಳು ಹಿಡಿದು ಜಗ್ಗಿದೆ. ಸೀಟಿ ಕೇಳಿತು. ಗಾಡಿ ಒಮ್ಮೆ ಅಲುಗಿದಾಗ ಅವಳು ಎದ್ದಳು, ಮತ್ತೆ ನನಗಿಂತ ಮುಂದೆ ಓಡಿದಳು. ಇಬ್ಬರೂ ಹೆಚ್ಚುಕಡಿಮೆ ಬಿದ್ದಂತೆಯೇ ಪ್ಲಾಟ್‌ಫಾರ್ಮಿಗೆ ಇಳಿದೆವು. ಗಾಡಿ ನಮ್ಮನ್ನು ಬಿಟ್ಟು ಇಂಡಿಯ ಕಡೆ ಹೋಯಿತು. ಅವ್ವ ಅದನ್ನು ನೋಡುತ್ತ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, ಆಟೋದವನ ಹತ್ತಿರ ತಾನೇ ಹೋಗಿ ತರಕಾರಿ ಬಂಡಿಯಲ್ಲಿ ಕಲಿತ ತೆಲುಗಿನಲ್ಲಿ, "ಅನಂತಗಿರಿಕಿ ವಸ್ತಾರಾ?" ಎಂದು ಕೇಳಿದಳು.

ಗುಡಿಯ ಹಿಂದಿನ ದಾರಿ ಹಿಡಿದು ಹತ್ತಿದೆವು. ತೇಗದ ಎಲೆಗಳು ಕಾಲ ಕೆಳಗೆ ಸದ್ದು ಮಾಡುತ್ತಿದ್ದವು. ಅವ್ವ ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ, ನಾನು ಏದುಸಿರು ಬಿಡುವಂತೆ ನಡೆದಳು. ಕಾಕಾ ನಮ್ಮನ್ನು ಕಂಡು ಕೈಯಲ್ಲಿದ್ದ ಪಾತ್ರೆ ಬಿಟ್ಟುಬಿಟ್ಟ. "ವೈನೀ! ನೀವು?" ಎಂದು ಅತ್ತಿಗೆಯನ್ನೇ ನೋಡಿದ. ಅವನ ಗೆಳೆಯರ ಅವಸ್ಥೆ ನೋಡುವಂತಿತ್ತು. ಹಗ್ಗವನ್ನು ಬೆಂಕಿಕಡ್ಡಿಯಿಂದ ಸುಟ್ಟು ತುಂಡು ಮಾಡಿದ್ದರು, ಬಿಸ್ಕೀಟು ಪೊಟ್ಟಣಗಳನ್ನು ಹಲ್ಲಿನಿಂದ ಹರಿಯುತ್ತಿದ್ದರು, ಒಲೆಯಲ್ಲಿ ಸೀಳದ ದಪ್ಪ ಕೊಂಬೆಗಳು ಬರೀ ಹೊಗೆ ಕಾರುತ್ತಿದ್ದವು. ಅವ್ವ ಮೊದಲು ಎಲ್ಲರ ಕೈಗೂ ಬನ್ನಿ ಕೊಟ್ಟಳು. "ಬಂಗಾರ ತಗೊಂಡು ಬಂಗಾರದಂಗ ಇರೂಣು" ಎಂದಳು. ತೆಲುಗು ಹುಡುಗರಿಗೆ ಮಾತು ತಿಳಿಯದಿದ್ದರೂ ಎಲೆ ತಿಳಿಯಿತು, ಬನ್ನಿಯ ತೆಲುಗು ಹೆಸರು ಹಿಡಿದು ಜಮ್ಮಿ ಜಮ್ಮಿ ಎನ್ನುತ್ತ ಅವಳ ಕಾಲಿಗೆ ಬಿದ್ದರು. ನಾನು ಚಾಕು ಹೊರಗೆ ತೆಗೆದೆ. ಕೊಂಬೆ ಸೀಳಿದೆವು, ಬೆಂಕಿ ಹತ್ತಿತು. ಒಬ್ಬ ಚಾಕುವನ್ನು ತಿರುಗಿಸಿ ನೋಡಿ "ಸೂಪರ್" ಎಂದ, ಕಾಕಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಇಷ್ಟು ದಿನ ಕಾದ ಶಭಾಸ್ ಕೊನೆಗೂ ಸಿಕ್ಕಿತ್ತು, ನನಗೆ ಮಾತ್ರ ಆ ಹೊತ್ತಿಗೆ ಅದು ಅಷ್ಟು ದೊಡ್ಡದು ಅನಿಸಲಿಲ್ಲ.

ಏಕೆಂದರೆ ಅವ್ವ ಕಾಣುತ್ತಿರಲಿಲ್ಲ. ಚಾಕುವೂ ಕಾಣುತ್ತಿರಲಿಲ್ಲ. ಹುಡುಕುತ್ತ ಹೋದರೆ ಗುಡ್ಡದ ಅಂಚಿನ ಬಂಡೆಯ ಮೇಲೆ ಕೂತಿದ್ದಳು. ಕೆಳಗೆ ದೂರದಲ್ಲಿ ರೈಲಿನ ಹಳಿ ಗೆರೆ ಎಳೆದಂತೆ ಕಾಣುತ್ತಿತ್ತು, ಹೊತ್ತು ಮುಳುಗುವುದಕ್ಕೆ ಇನ್ನೂ ಸ್ವಲ್ಪ ಸಮಯವಿತ್ತು. ಅವ್ವ ಒಂದು ಕೋಲು ಹೆರೆಯುತ್ತಿದ್ದಳು. ಸುರುಳಿಗಳು ಗಾಳಿಗೆ ಹಾರಿ ಕೆಳಗೆ ಹೋಗುತ್ತಿದ್ದವು. ಅವಳು ಅಳುತ್ತಿದ್ದಾಳೆ ಅನಿಸಿತು, ಹತ್ತಿರ ಹೋದರೆ ಅಳುತ್ತಿರಲಿಲ್ಲ.

"ಮ್ಯಾಲ ಏನೈತಿ ಅಂತ ನೋಡಿದ್ಯಾ?" ಎಂದೆ.

"ನೋಡಿದೆ. ನಿಮ್ಮಪ್ಪ ಹೇಳಿದ್ದ ಖರೆ. ಬರೇ ಗುಡ್ಡ ಐತಿ" ಎಂದು ನಕ್ಕಳು. "ಭಾಳ ಛಲೋ ಐತಿ."

ನನಗೂ ಹೆರೆಯಬೇಕು ಅನಿಸಿ ಚಾಕು ಕೇಳಿದೆ. ಕೇಳಿ, ಅಭ್ಯಾಸದಂತೆ ಅವಳು ಬಂಡೆಯ ಮೇಲೆ ಇಡುವುದನ್ನು ಕಾಯುತ್ತ ನಿಂತೆ. ಅವ್ವ ಇಡಲಿಲ್ಲ. ಅಲಗಿನ ಬೆನ್ನು ಬೆರಳಲ್ಲಿ ಹಿಡಿದು ಹಿಡಿಯನ್ನು ನನ್ನ ಕಡೆ ಚಾಚಿದಳು.

"ಹಿಡಿ."

"ಕೆಳಗಿಡವ್ವಾ. ಕೈಯಾಗ ಕೊಟ್ರ ಜಗಳಾ ಆಗತೈತಿ ಅಂತಾಳ ಆಯಿ."

"ಆಗ್ಲಿ ಬಿಡು. ಜಗಳಾ ಆಡೂದಾದ್ರೂ ಕಲಿಯೂಣು ಇಬ್ಬರೂ."

ಜಗಳಗಳು ಆದವು. ನನ್ನ ಓದಿನ ಬಗ್ಗೆ, ನನ್ನ ಮದುವೆಯ ಬಗ್ಗೆ, ನಾನು ಮನೆ ಬಿಟ್ಟು ಊರೂರು ಅಲೆಯುವುದರ ಬಗ್ಗೆ ನಾವಿಬ್ಬರೂ ಬಾಯಿ ಸೋಲುವವರೆಗೂ ಜಗಳಾಡಿದ್ದೇವೆ. ಅಪ್ಪನ ಹತ್ತಿರ ನಾನು ಒಮ್ಮೆಯೂ ಹಾಗೆ ಆಡಿದವಳಲ್ಲ. ಆ ಸಂಜೆ ಆ ಬಂಡೆಯ ಮೇಲೆ ನಾನು ಕೈ ಚಾಚಿ ಅವಳ ಕೈಯಿಂದಲೇ ಚಾಕು ತೆಗೆದುಕೊಂಡೆ. ಹಿಡಿ ಬೆಚ್ಚಗಿತ್ತು.